ಹದಿನೆಂಟು ತಿಂಗಳ ಇಲಿಯಲ್ಲಿ ಎಲ್‌ಟಿಪಿ: ನನ್ನ ಅನುಭವ

ಪ್ರಚೋದನೆಯ ನಂತರ ನರಕೋಶಗಳ ನಡುವಿನ ಸಂಪರ್ಕ ಬಹಳ ಹೊತ್ತು ಬಲಗೊಂಡೇ ಉಳಿಯುವುದಕ್ಕೆ ಎಲ್‌ಟಿಪಿ ಎನ್ನುತ್ತಾರೆ. ವಯಸ್ಸಾದ ಇಲಿಯ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದಿಂದ ಕತ್ತರಿಸಿದ ತೆಳು ಸ್ಲೈಸ್‌ನಲ್ಲಿ ಮೂರು ಗಂಟೆ ನಿಲ್ಲುವ ಎಲ್‌ಟಿಪಿ ನಮ್ಮಂಥ ಸಣ್ಣ ಪ್ರಯೋಗಾಲಯದಲ್ಲಿ ಸಾಧ್ಯವಿಲ್ಲವೆಂದು ಬೆಂಗಳೂರಿನಲ್ಲಿ ನಾನು ವಿಚಾರಿಸಿದ ನಾಲ್ಕೈದು ಮಂದಿಯೂ ಹೇಳಿದ್ದರು. ಮೂರು ವಾರದ ಮರಿಗಳಲ್ಲೇ ಮಾಡಿ ಮುಗಿಸಿರೆಂಬುದು ಹಿರಿಯರೊಬ್ಬರ ಸಲಹೆಯಾಗಿತ್ತು. ಆದರೆ ಆಲ್‌ಝೈಮರ್ ಮರಿಗಳ ಕಾಯಿಲೆಯಲ್ಲ. ಇಳಿವಯಸ್ಸಿನ ಮರೆವಿಗೆ ಔಷಧ ಹುಡುಕುವವರು ಅದನ್ನು ಕಣ್ಣು ಬಿಟ್ಟು ವಾರವಷ್ಟೇ ಕಳೆದ ಮರಿಯ ಮಿದುಳಿನ ಮೇಲೆ ಪರೀಕ್ಷಿಸಿ ನೆಮ್ಮದಿಯಿಂದಿರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಮೊದಲ ಏಳು ತಿಂಗಳಲ್ಲಿ ಸುಮಾರು ನಲವತ್ತು ಇಲಿಗಳು ಹೋದವು. ಪಂಜರದ ಬಾಡಿಗೆಯನ್ನು ಹದಿನೆಂಟು ತಿಂಗಳಿಗೆ ಲೆಕ್ಕ ಹಾಕಿದರೆ ಒಂದೊಂದು ಇಲಿಗೂ ಎರಡು ಸಾವಿರ ರೂಪಾಯಿಯ ಹತ್ತಿರ ಬೀಳುತ್ತದೆ. ಜೀವ ಹೋದದ್ದಕ್ಕೆ ಲೆಕ್ಕವಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಿಪೊಕ್ಯಾಂಪಸ್ಸಿನ ಸಿಎ1 ಎಂಬ ಭಾಗದ ಕೋಶಗಳೆಲ್ಲ ಉಬ್ಬಿ, ಪ್ರತಿಯೊಂದರ ನಡುವೆ ನ್ಯೂಕ್ಲಿಯಸ್ ಗುಂಡಗೆ ಎದ್ದು ಕಾಣುತ್ತಿತ್ತು. ಅದು ಕೋಶ ಸತ್ತಿರುವ ಗುರುತು, ಕಂಡ ಮೇಲೆ ಎಲೆಕ್ಟ್ರೋಡ್ ಇಳಿಸುವುದೂ ವ್ಯರ್ಥವೆಂದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು.

1973ರಲ್ಲಿ ಬ್ಲಿಸ್ ಮತ್ತು ಲೋಮೊ ಎಲ್‌ಟಿಪಿಯನ್ನು ಗಂಟೆಗಟ್ಟಲೆ ತೋರಿಸಿದ್ದು ಅರಿವಳಿಕೆ ಕೊಟ್ಟ ಜೀವಂತ ಮೊಲಗಳಲ್ಲಿ. ಸ್ಲೈಸ್‌ಗೆ ರಕ್ತವಿಲ್ಲ, ಆಮ್ಲಜನಕ, ಗ್ಲೂಕೋಸ್, ಲವಣ ಎಲ್ಲವೂ ಎಸಿಎಸ್‌ಎಫ್ ಎಂಬ, ಮಿದುಳಿನ ದ್ರವವನ್ನು ಹೋಲುವ ಕೃತಕ ದ್ರಾವಣದಿಂದಲೇ ಬರಬೇಕು. ನಾವು ಕತ್ತರಿಸುವ ಕೈಯನ್ನೇ ದೂಷಿಸುತ್ತಾ ದ್ರಾವಣವನ್ನು ಮರೆತಿದ್ದೆವು. ಮಳೆಗಾಲದಲ್ಲಿ ಸಿಗ್ನಲ್ ಇನ್ನಷ್ಟು ಕುಗ್ಗಿದಾಗ ಕ್ಯಾಲ್ಸಿಯಂ ಕ್ಲೋರೈಡ್ ಬಾಟಲಿಯನ್ನು ಅಲುಗಾಡಿಸಿ ನೋಡಿದೆ: ಪುಡಿ ಇರಬೇಕಾದಲ್ಲಿ ಒದ್ದೆ ಗಡ್ಡೆಯಿತ್ತು. ತೇವ ಹೀರಿದ ಪುಡಿಯನ್ನು ತೂಗುತ್ತಾ 2 ಮಿಲಿಮೋಲಾರ್ ಎಂದು ನಂಬಿದ್ದ ನಮಗೆ ಅದಕ್ಕಿಂತ ಎಷ್ಟೋ ಕಡಿಮೆ ಕ್ಯಾಲ್ಸಿಯಂ ಸಿಗುತ್ತಿತ್ತು. ಅಂದಿನಿಂದ ಹೊಸ ಬಾಟಲಿ ಒಡೆದ ದಿನವೇ 1 ಮೋಲಾರ್ ಸ್ಟಾಕ್ ಮಾಡಿಟ್ಟುಕೊಂಡು, ಕಾರ್ಬೊಜೆನ್ (ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಬೆರೆತ ಅನಿಲ) ಹತ್ತು ನಿಮಿಷ ಗುಳುಗುಳಿಸಿದ ಬಳಿಕವೇ ಅದನ್ನು ಹನಿಹನಿಯಾಗಿ ಸೇರಿಸುತ್ತೇವೆ. ಮೊದಲೇ ಹಾಕಿದರೆ ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ.

ಕಂಪನದ್ದು ಬೇರೆಯೇ ಕಥೆ. ಆಮದಿನ ಏರ್ ಟೇಬಲ್‌ಗೆ ಎಂಟೊಂಬತ್ತು ಲಕ್ಷ ಕೇಳಿದರು, ಅಷ್ಟು ಅನುದಾನ ನಮ್ಮಲ್ಲಿರಲಿಲ್ಲ. ಜಿಗಣಿಯಿಂದ ದಪ್ಪನೆಯ ಗ್ರಾನೈಟ್ ಚಪ್ಪಡಿ ತರಿಸಿ, ಅರ್ಧ ಗಾಳಿ ತುಂಬಿದ ನಾಲ್ಕು ಸ್ಕೂಟರ್ ಟ್ಯೂಬ್‌ಗಳ ಮೇಲೆ ಕೂರಿಸಿದೆ. ಸಾಗಣೆ ಸೇರಿ ಹದಿನಾಲ್ಕು ಸಾವಿರದೊಳಗೆ ಮುಗಿಯಿತು. ಕೆಳಗಿನ ರಸ್ತೆಯಲ್ಲಿ ಬಸ್ಸು ಹೋದರೂ ಪಿಪೆಟ್ ತುದಿ ಇಂದು ಜಾಗ ಬಿಡುವುದಿಲ್ಲ. ಅನೇಕ ಕೋಶಗಳ ಒಟ್ಟು ಸಂಕೇತ ಅಳೆಯುವ ಫೀಲ್ಡ್ ರೆಕಾರ್ಡಿಂಗ್‌ಗೆ ಇಷ್ಟು ಸಾಕು, ಒಂದೇ ಕೋಶಕ್ಕೆ ಪಿಪೆಟ್ ಅಂಟಿಸಿ ಪ್ಯಾಚ್ ಮಾಡುವವರಿಗೆ ಸಾಕೆಂದು ನಾನು ಹೇಳಲಾರೆ.

ನಿಜವಾದ ತಿರುವು ಬಂದದ್ದು ಸೋಡಿಯಂ ನುಗ್ಗಿ ಕೋಶಗಳು ಉಬ್ಬದಂತೆ ಅದರ ಬದಲಿಗೆ ಎನ್‌ಎಂಡಿಜಿ ಎಂಬ ರಾಸಾಯನಿಕ ಇರುವ ತಣ್ಣನೆಯ ದ್ರಾವಣವನ್ನು ಹೃದಯದ ಮೂಲಕ ಹಾಯಿಸಿ, ಅದರಲ್ಲೇ 350 ಮೈಕ್ರಾನ್ ಸ್ಲೈಸ್ ಕತ್ತರಿಸಿ, 33 ಡಿಗ್ರಿಯಲ್ಲಿ ಸೋಡಿಯಮ್ಮನ್ನು ನಿಧಾನವಾಗಿ ಮರಳಿ ಕೊಡಲಾರಂಭಿಸಿದ ಮೇಲೆ. ಈ ವಿಧಾನ ನನ್ನದಲ್ಲ, ಎಲ್ಲರೂ ಬಲ್ಲದ್ದೇ. ಆದರೆ ಹದಿನೆಂಟು ತಿಂಗಳ ಇಲಿಗೆ ಎಷ್ಟು ನಿಮಿಷಕ್ಕೆ ಎಷ್ಟು ಸೋಡಿಯಂ ಎಂಬ ಲೆಕ್ಕ ನಮ್ಮದು. ಪೇಪರ್ ಹೊರಬರುವವರೆಗೆ ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸ್ಲೈಸ್‌ನ ಕೆಳಗೂ ದ್ರಾವಣ ಹರಿಯುವಂತೆ ಚೇಂಬರಿನಲ್ಲಿ ಸೊಳ್ಳೆ ಪರದೆಯ ತುಂಡನ್ನು ಬಿಗಿದು, ಹರಿವನ್ನು ನಿಮಿಷಕ್ಕೆ 2 ಮಿಲಿಲೀಟರಿನಿಂದ ನಾಲ್ಕಕ್ಕೆ ಏರಿಸಿದೆವು. ಕಾರ್ಬೊಜೆನ್ ಸಿಲಿಂಡರ್ ಬೇಗ ಖಾಲಿಯಾಗುತ್ತದೆ, ಅದೊಂದು ಹೊರೆ.

ಕೊನೆಗೂ ಕೈಗೂಡಿದ ದಿನ ಅರ್ಧ ಗಂಟೆಯ ಬೇಸ್‌ಲೈನ್ (ಮೊದಲಿನ ಮಟ್ಟ) ಅಲುಗಾಡದೆ ನಿಂತ ಮೇಲೆ, ಎಲ್‌ಟಿಪಿ ಹುಟ್ಟಿಸುವ ಥೀಟಾ ಬರ್ಸ್ಟ್ ಎಂಬ ವಿದ್ಯುತ್ ಮಿಡಿತಗಳ ಸರಣಿಯನ್ನು ಹತ್ತು ನಿಮಿಷಗಳ ಅಂತರದಲ್ಲಿ ಮೂರು ಬಾರಿ ಕೊಟ್ಟೆ. ಒಂದು ಗಂಟೆಗೆ ಸ್ಲೋಪ್, ಅಂದರೆ ಸಂಕೇತದ ಬಲ, ಬೇಸ್‌ಲೈನಿನ ಶೇ 150ರ ಆಸುಪಾಸು, ಮೂರು ಗಂಟೆಗೆ 140ರಷ್ಟು. ಮರುವಾರ ನರಕೋಶದ ಎನ್‌ಎಂಡಿಎ ರಿಸೆಪ್ಟರನ್ನು ತಡೆಯುವ ಡಿ-ಎಪಿವಿಯನ್ನು 50 ಮೈಕ್ರೋಮೋಲಾರ್ ಹಾಕಿದಾಗ ಏರಿಕೆಯೇ ಇರಲಿಲ್ಲ, ಅಂದರೆ ನಮ್ಮದು ಎನ್‌ಎಂಡಿಎ ರಿಸೆಪ್ಟರ್ ಮೂಲಕವೇ ಬಂದ ಎಲ್‌ಟಿಪಿ. ಈಗ ಹತ್ತು ಸ್ಲೈಸ್‌ಗಳಲ್ಲಿ ಆರೇಳು ಕೈಗೂಡುತ್ತವೆ, ಮತ್ತು ಮರಿಗಳಲ್ಲೇ ಮುಗಿಸಿರೆಂದಿದ್ದ ಹಿರಿಯರು ತಮ್ಮ ವಿದ್ಯಾರ್ಥಿಯನ್ನು ಕಲಿಯಲು ಕಳುಹಿಸಿದ್ದಾರೆ.

ನಡುವೆ ಒಂದೆಲಗದ ಸಾರವನ್ನೂ ಪ್ರಯತ್ನಿಸಿದೆ. ನೆನಪಿನ ಶಕ್ತಿಗೆಂದು ತಂಬುಳಿ ತಿಂದು ಬೆಳೆದವರಿಗೆ ಆ ಆಸೆ ಸಹಜ. ಸ್ಲೋಪ್ ಶೇ 20ರಷ್ಟು ಏರಿದಾಗ ಎರಡು ದಿನ ನಿದ್ದೆ ಬರಲಿಲ್ಲ. ಸಾರವನ್ನು ಕರಗಿಸಿದ್ದ ಎಥನಾಲನ್ನಷ್ಟೇ ಹಾಕಿದ ಕಂಟ್ರೋಲ್ ಸ್ಲೈಸ್ ಕೂಡ ಅಷ್ಟೇ ಏರಿದ್ದರಿಂದ ಅದನ್ನು ಅಲ್ಲಿಗೇ ಕೈಬಿಟ್ಟೆ.

ಈಗ ಆಲ್‌ಝೈಮರ್ ರೋಗಿಗಳ ಮಿದುಳಿನಲ್ಲಿ ಸೇರಿಕೊಳ್ಳುವ ಅಮಿಲಾಯ್ಡ್ ಬೀಟಾ ಪೆಪ್ಟೈಡಿನ ಸಣ್ಣ ಗುಂಪುಗಳನ್ನು (ಆಲಿಗೋಮರ್) ಹಾಕಿ ಎಲ್‌ಟಿಪಿ ಕುಗ್ಗಿಸಿ, ಯಾವ ಔಷಧ ಅದನ್ನು ಮರಳಿಸುತ್ತದೆಂದು ನೋಡುತ್ತಿದ್ದೇವೆ. ಆ ಪೆಪ್ಟೈಡ್ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುವುದರಿಂದ ಚೇಂಬರಿಗೆ ತಲುಪುವಷ್ಟರಲ್ಲಿ ಎಷ್ಟು ಉಳಿದಿರುತ್ತದೆಂದು ಖಚಿತವಾಗುವವರೆಗೆ ಪ್ರತಿ ಪ್ರಯೋಗಕ್ಕೂ ಕೊಳವೆ ಬದಲಿಸುತ್ತಿದ್ದೇನೆ, ಮತ್ತು ಕಂಟ್ರೋಲ್ ಸ್ಲೈಸ್‌ಗೆ ಎಂದೂ ಅದೇ ಕೊಳವೆಯನ್ನು ಬಳಸುವುದಿಲ್ಲ.