ಭಿನ್ನರಾಶಿಯ ಕಾಟವಿಲ್ಲದೆ ವರ್ಗ ಸಮೀಕರಣ ಬಿಡಿಸಿದ್ದು

ಚಿಂತಾಮಣಿಯಲ್ಲಿ ಹತ್ತನೇ ತರಗತಿ ಓದುವ ನಮ್ಮಣ್ಣನ ಮಗಳಿಗೆ ವರ್ಗ ಸಮೀಕರಣದ ಭಯವಿರಲಿಲ್ಲ, ಭಿನ್ನರಾಶಿಯದಿತ್ತು. 3ಎಕ್ಸ್² + 5ಎಕ್ಸ್ − 1 = 0 ಎಂಬ ಲೆಕ್ಕ ಅಪವರ್ತನಕ್ಕೆ ಬಗ್ಗುವುದಿಲ್ಲ. ವರ್ಗ ಪೂರ್ಣಗೊಳಿಸೋಣವೆಂದು ಎಲ್ಲವನ್ನೂ 3ರಿಂದ ಭಾಗಿಸಿ, 25/36ಕ್ಕೆ 1/3 ಕೂಡಿಸುವ ಹೊತ್ತಿಗೆ ಎಲ್ಲೋ ಒಂದು ಕಡೆ ಲೆಕ್ಕ ಜಾರುತ್ತಿತ್ತು.

ಶ್ರೀಧರಾಚಾರ್ಯರ ದಾರಿ ಹಿಡಿದೆವು. ಅವರ ಬೀಜಗಣಿತದ ಗ್ರಂಥ ನಮಗೆ ಉಳಿದಿಲ್ಲ. ಎರಡನೇ ಭಾಸ್ಕರಾಚಾರ್ಯರು ಉದ್ಧರಿಸಿದ್ದರಿಂದ ಈ ಸೂತ್ರ ಉಳಿಯಿತು, ನಮ್ಮ ಪುಣ್ಯ. ಭಾಗಿಸುವ ಬದಲು ಗುಣಿಸಬೇಕು: ಎಕ್ಸ್ ವರ್ಗದ ಸಹಗುಣಕದ ನಾಲ್ಕರಷ್ಟರಿಂದ, ಇಲ್ಲಿ 12ರಿಂದ.

36ಎಕ್ಸ್² + 60ಎಕ್ಸ್ = 12

ಎರಡೂ ಕಡೆ ಮಧ್ಯದ ಸಹಗುಣಕ 5ರ ವರ್ಗ ಕೂಡಿಸಿ.

(6ಎಕ್ಸ್ + 5)² = 37

ಎಕ್ಸ್ = (−5 ± √37)/6. ಕೊನೆಯ ಸಾಲಿನವರೆಗೂ ಭಿನ್ನರಾಶಿಯೇ ಇಲ್ಲ!

"ನಾಲ್ಕು ಯಾಕೆ ಚಿಕ್ಕಪ್ಪ? ಬರೀ ಮೂರರಿಂದ ಗುಣಿಸಿದರೂ 9ಎಕ್ಸ್² ಪೂರ್ಣ ವರ್ಗವೇ ಅಲ್ವಾ?" ಅಂದಳು. ಈ ಪ್ರಶ್ನೆ ಕೇಳಿ ನನಗೆ ತುಂಬಾ ಖುಷಿಯಾಯಿತು. ಹಾಗೆ ಮಾಡಿದರೆ ಮುಂದಿನ ಪದ 15ಎಕ್ಸ್; ಅದನ್ನು ಅರ್ಧ ಮಾಡುವಾಗ 5/2 ಮತ್ತೆ ತಲೆ ಹಾಕುತ್ತದೆ. ಆ ಅರ್ಧವನ್ನು ಅಳಿಸಲೆಂದೇ ನಾಲ್ಕು. ಮಧ್ಯದ ಸಹಗುಣಕ ಸಮಸಂಖ್ಯೆಯಾಗಿದ್ದರೆ ಅವಳು ಹೇಳಿದಂತೆ ಎಕ್ಸ್ ವರ್ಗದ ಸಹಗುಣಕದಿಂದಷ್ಟೇ ಗುಣಿಸಿದರೂ ಸಾಕು.