ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳುವುದು ಹೇಗೆ?

ಮಧ್ಯಮ ಗಾತ್ರದ ಎಸ್‌ಯುವಿಯನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ, ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂಬುದು. ಪ್ರಶ್ನೆ ತಪ್ಪಲ್ಲ. ಆದರೆ ಈ ಬಗೆಯ ವಾಹನದ ಮಟ್ಟಿಗೆ ಅದಕ್ಕಿಂತ ಮುಖ್ಯವಾದುದು, ಅದು ಏನು ಕೆಲಸ ಮಾಡುತ್ತಾ ಓಡಿದೆ ಎಂಬುದು. ಒಂದೂವರೆಯಿಂದ ಎರಡು ಟನ್ನಿನಷ್ಟು ತೂಗುವ, ಮನೆಮಂದಿಯನ್ನೂ ಅವರ ಸಾಮಾನನ್ನೂ ಹೊರುವ, ಕೆಲವೊಮ್ಮೆ ಹಿಂದೆ ಟ್ರೇಲರ್ ಎಳೆಯುವ, ಮಣ್ಣುದಾರಿಗೂ ಇಳಿಯುವ ಗಾಡಿ ಇದು. ಹೆದ್ದಾರಿಯಲ್ಲಿ ಹದವಾದ ವೇಗದಲ್ಲಿ ಲಕ್ಷ ಕಿಲೋಮೀಟರ್ ಸಾಗಿದ ಎಂಜಿನ್, ಅದರ ಅರ್ಧ ದೂರವನ್ನೇ ಭಾರ ಎಳೆಯುತ್ತಲೋ ಎರಡು ಮೂರು ಕಿಲೋಮೀಟರಿನ ಪೇಟೆಯ ಓಡಾಟದಲ್ಲೋ ಕಳೆದ ಎಂಜಿನ್ನಿಗಿಂತ ಗಟ್ಟಿಯಾಗಿ ಉಳಿದಿರುವುದು ಅಪರೂಪವಲ್ಲ. ಮುಂದೆ ಹೇಳುವ ಹಂತಗಳೆಲ್ಲವೂ ಆ ಹಿಂದಿನ ಬದುಕನ್ನು ಪತ್ತೆಹಚ್ಚುವ ದಾರಿಗಳು.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಗಾಡಿ ನೋಡಲು ಹೋಗುವ ಮೊದಲೇ ನಿಮಗೆ ಬೇಕಾದುದೇನೆಂದು ತೀರ್ಮಾನಿಸಿ. ಮೂರನೇ ಸಾಲಿನ ಸೀಟು, ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ವ್ಯವಸ್ಥೆ, ಗಾಜಿನ ಚಾವಣಿ ಇವೆಲ್ಲ ಹೊಸದರಲ್ಲಿ ಸೊಗಸಾದ ಸೌಕರ್ಯಗಳು. ಹಳತಾದ ಮೇಲೆ ಇವು ಒಂದೊಂದೂ ರಿಪೇರಿಗೆ ಬರಬಹುದಾದ ಭಾಗಗಳು. ಬಳಸದ ಸೌಕರ್ಯಕ್ಕೆ ಹಣ ಕೊಡುವುದು ಬೇಡ. ಡೀಸೆಲ್ ಬೇಕೆನ್ನುವವರು ತಮ್ಮ ದಿನನಿತ್ಯದ ಓಡಾಟ ಎಷ್ಟು ಉದ್ದದ್ದು ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು. ಈಚಿನ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂಡಿದ ಮಸಿ ತಾನಾಗಿ ಉರಿದುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಮತ್ತು ಆ ಬಿಸಿ ಸಣ್ಣ ಓಡಾಟಗಳಲ್ಲಿ ಬರುವುದೇ ಇಲ್ಲ.

ನಂತರ ಮಾರುವವರಿಗೆ ಫೋನ್ ಮಾಡಿ ಸರ್ವಿಸ್ ದಾಖಲೆಗಳನ್ನು ಕೇಳಿ. ಸೀಲು ಹೊಡೆದ ಪುಸ್ತಕಕ್ಕಿಂತ ಬಿಲ್ಲುಗಳಿಗೆ ತೂಕ ಹೆಚ್ಚು, ಏಕೆಂದರೆ ಯಾವ ದಿನ, ಎಷ್ಟು ಕಿಲೋಮೀಟರಿಗೆ, ಯಾವ ಭಾಗ ಬದಲಾಯಿತು ಎಂಬುದು ಬಿಲ್ಲಿನಲ್ಲೇ ಇರುತ್ತದೆ. ಮುಖ್ಯವಾಗಿ ಎರಡು ನಮೂದುಗಳನ್ನು ಹುಡುಕಿ: ಗೇರ್‌ಬಾಕ್ಸಿನ ಆಯಿಲ್ ಬದಲಾವಣೆ ಮತ್ತು ಎಂಜಿನ್ನಿನಲ್ಲಿ ಚೈನಿನ ಬದಲು ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್‌ಗಳ ಚಲನೆಗೆ ಹೊಂದಿಸುವ ಪಟ್ಟಿ) ಇದ್ದರೆ ಅದರ ಬದಲಾವಣೆ. ಬಹಳಷ್ಟು ಎಂಜಿನ್‌ಗಳಲ್ಲಿ ಈ ಬೆಲ್ಟ್ ತುಂಡಾದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಬದಲಾಯಿಸಿದ ದಾಖಲೆ ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ತಿಳಿದು ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ. 17 ಅಕ್ಷರ ಮತ್ತು ಅಂಕಿಗಳ ಷಾಸಿ ನಂಬರನ್ನೂ ಆಗಲೇ ಪಡೆದುಕೊಂಡು, ತಯಾರಕರು ರಿಪೇರಿಗೆಂದು ವಾಪಸು ಕರೆಸಿದ ಗಾಡಿಗಳ ಪಟ್ಟಿಯಲ್ಲಿ ಅದಿದೆಯೇ ಎಂದು ನೋಡಿ. ಟಕಾಟಾ ಕಂಪನಿಯ ದೋಷಪೂರಿತ ಏರ್‌ಬ್ಯಾಗ್‌ಗಳಿಗಾಗಿ ಜಗತ್ತಿನಾದ್ಯಂತ ಕೋಟಿಗಟ್ಟಲೆ ವಾಹನಗಳನ್ನು ವಾಪಸು ಕರೆಸಲಾಯಿತು. ಬದಲಾಯಿಸಿಕೊಳ್ಳದೆ ಉಳಿದ ಅಂಥ ಏರ್‌ಬ್ಯಾಗ್ ಪ್ರಾಣಕ್ಕೇ ಅಪಾಯ. ಒಳ್ಳೆಯದೆಂದರೆ, ಇಂಥ ರಿಪೇರಿಯನ್ನು ಸಾಮಾನ್ಯವಾಗಿ ತಯಾರಕರೇ ಉಚಿತವಾಗಿ ಮಾಡಿಕೊಡುತ್ತಾರೆ.

ತಣ್ಣಗಿರುವಾಗಲೇ ನೋಡಿ

ಗಾಡಿ ನೋಡಲು ಬೆಳಗ್ಗೆ ಹೋಗಿ, ನೀವು ಬರುವ ತನಕ ಎಂಜಿನ್ ಚಾಲೂ ಮಾಡಬಾರದೆಂದು ಮುಂಚೆಯೇ ತಿಳಿಸಿ. ಹೋದೊಡನೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ. ಬಿಸಿಲಿಲ್ಲದ ಹೊತ್ತಿನಲ್ಲೂ ಅದು ಬೆಚ್ಚಗಿದ್ದರೆ ನಿಮ್ಮ ಕೋರಿಕೆಯನ್ನು ಮೀರಿ ಎಂಜಿನ್ ಚಾಲೂ ಮಾಡಲಾಗಿದೆ ಎಂದರ್ಥ, ಹಾಗಿದ್ದಲ್ಲಿ ಇನ್ನೊಂದು ದಿನ ಬರುತ್ತೇನೆ ಎನ್ನಲು ಸಂಕೋಚಪಡಬೇಡಿ. ಸ್ಟಾರ್ಟ್ ಆಗಲು ತಡವರಿಸುವುದು, ಚೈನು ಸಡಿಲಾದಾಗಿನ ಗಲಗಲ ಸದ್ದು, ಮೊದಲ ಉಸಿರಿನಲ್ಲೇ ಬರುವ ನೀಲಿ ಹೊಗೆ, ಇಂಥವು ಎಂಜಿನ್ ಬಿಸಿಯಾದ ಮೇಲೆ ಎಷ್ಟೋ ಸಲ ಮಾಯವಾಗಿರುತ್ತವೆ.

ಸ್ಟಾರ್ಟ್ ಮಾಡುವ ಮೊದಲು ಆಯಿಲಿನ ಮಟ್ಟ ಅಳೆಯುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ಕನ್ನು, ಎಳೆದು ಬಿಳಿಯ ಬಟ್ಟೆಗೆ ಒರೆಸಿ. ಆಯಿಲ್ ಕಪ್ಪಗಿರುವುದು ಸಹಜ, ಡೀಸೆಲಿನಲ್ಲಂತೂ ಹೊಸ ಆಯಿಲ್ ಕೂಡ ಬೇಗನೆ ಕಪ್ಪಾಗುತ್ತದೆ. ಹೆದರಬೇಕಾದುದು ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಏಕೆಂದರೆ ಅದು ಆಯಿಲಿಗೆ ಕೂಲೆಂಟ್ (ಎಂಜಿನ್ನನ್ನು ತಣ್ಣಗಿಡುವ ದ್ರವ) ಸೇರಿದ ಗುರುತು. ಡೀಸೆಲ್ ಗಾಡಿಯಲ್ಲಿ ಆಯಿಲಿನ ಮಟ್ಟ ಮೇಲಿನ ಗೆರೆಯನ್ನು ಮೀರಿ ಏರಿದ್ದು, ಅದರಲ್ಲಿ ಇಂಧನದ ವಾಸನೆಯೂ ಇದ್ದರೆ, ಫಿಲ್ಟರಿನ ಮಸಿಯನ್ನು ಸುಡಲು ಎಂಜಿನ್ ಮತ್ತೆ ಮತ್ತೆ ಹೆಚ್ಚುವರಿಯಾಗಿ ಸುರಿದ ಡೀಸೆಲ್ ಉರಿಯದೆ ಆಯಿಲಿಗೆ ಇಳಿದಿದೆ ಎಂದು ಸಂಶಯಪಡಬೇಕು. ಆ ಗಾಡಿ ಪೇಟೆಯ ಸಣ್ಣ ಓಡಾಟದಲ್ಲೇ ಸವೆದಿರಬಹುದು. ಎಂಜಿನ್ ಚಾಲೂ ಆದ ಮೇಲೆ ಒಬ್ಬರು ಹಿಂದೆ ನಿಂತು ಹೊಗೆ ನೋಡಲಿ: ನೀಲಿ ಹೊಗೆ ಆಯಿಲ್ ಉರಿಯುವುದರ ಸೂಚನೆ, ಎಂಜಿನ್ ಬಿಸಿಯಾದ ನಂತರವೂ ನಿಲ್ಲದ ದಟ್ಟ ಬಿಳಿ ಹೊಗೆ ಕೂಲೆಂಟ್ ಸೋರುವುದರ ಸೂಚನೆ. ತಣ್ಣನೆಯ ಬೆಳಗಿನಲ್ಲಿ ಮೊದಲ ಒಂದೆರಡು ನಿಮಿಷ ಕಾಣುವ ತೆಳು ಆವಿಗೆ ಗಾಬರಿಯಾಗಬೇಕಿಲ್ಲ.

ಮೈಕಟ್ಟು, ಟೈರು, ಒಳಾಂಗಣ

ಬಾಗಿಲು, ಬಾನೆಟ್ಟುಗಳ ಸುತ್ತಲಿನ ಸಂದು ಎಡಕ್ಕೂ ಬಲಕ್ಕೂ ಒಂದೇ ಅಳತೆಯಲ್ಲಿದೆಯೇ ಎಂದು ನೋಡಿ. ಬಾನೆಟ್ಟಿನ ಕೀಲಿನ ಬೋಲ್ಟುಗಳ ಬಣ್ಣ ಎದ್ದಿದ್ದರೆ ಅವುಗಳಿಗೆ ಸ್ಪ್ಯಾನರ್ ಬಿದ್ದಿದೆ ಎಂದು ತಿಳಿಯಬಹುದು. ಸಣ್ಣಪುಟ್ಟ ಗೀರಿಗೆ ಬಣ್ಣ ಬಳಿಸಿದ್ದರೆ ದೋಷವಲ್ಲ. ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿಯ ಗುಂಡಿಯಲ್ಲಿ ತಗಡು ಸುಕ್ಕುಗಟ್ಟಿದೆಯೇ, ಹೊಸ ವೆಲ್ಡಿಂಗ್ ಇದೆಯೇ ಎಂದು ನೋಡುವುದು ಅದಕ್ಕಿಂತ ದೊಡ್ಡ ವಿಷಯ. ಹಿಂದಿನ ಬಂಪರಿನ ಕೆಳಗೆ ಟ್ರೇಲರ್ ಕೊಂಡಿಯಾಗಲಿ, ಅದನ್ನು ಕಳಚಿದ ಗುರುತಾಗಲಿ ಕಂಡರೆ ಏನನ್ನು, ಎಷ್ಟು ಕಾಲ ಎಳೆದಿದ್ದೀರಿ ಎಂದು ನೇರವಾಗಿ ಕೇಳಿ.

ಟೈರುಗಳ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ, ಅವು ಬಹಳಷ್ಟು ಹೇಳುತ್ತವೆ. ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನು, ಕೊನೆಯೆರಡು ವರ್ಷವನ್ನು ಸೂಚಿಸುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. ಒಳಗಡೆಯ ಅಂಚು ಮಾತ್ರ ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್ ಅಥವಾ ಸಸ್ಪೆನ್ಷನ್ ಕೆಟ್ಟಿದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಗಾಡಿಯಾದರೆ ನಾಲ್ಕೂ ಟೈರು ಒಂದೇ ಅಳತೆಯವು, ಹೆಚ್ಚುಕಡಿಮೆ ಒಂದೇ ಸವೆತದವು ಆಗಿರಬೇಕು. ಎರಡು ಹೊಸವು, ಎರಡು ಬೋಳಾದವು ಆಗಿದ್ದರೆ ಸುತ್ತಳತೆಯ ವ್ಯತ್ಯಾಸವನ್ನು ಸರಿದೂಗಿಸಲು ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಜೋಡಿಸುವ ಭಾಗ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ, ಮತ್ತು ಅದರ ರಿಪೇರಿ ನಾಲ್ಕು ಟೈರುಗಳ ಬೆಲೆಯನ್ನು ಸುಲಭವಾಗಿ ಮೀರುತ್ತದೆ.

ಒಳಗೆ ಕುಳಿತಾಗ ಓಡೋಮೀಟರ್ ಹೇಳುವ ಮಾತಿಗೂ ಬ್ರೇಕ್ ಪೆಡಲಿನ ರಬ್ಬರು, ಸ್ಟೀರಿಂಗಿನ ಹೊದಿಕೆ, ಚಾಲಕರ ಸೀಟಿನ ಅಂಚು ಹೇಳುವ ಮಾತಿಗೂ ಹೊಂದಾಣಿಕೆ ಇದೆಯೇ ಎಂದು ನೋಡಿ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯುವುದನ್ನು ಮರೆಯಬೇಡಿ. ಒಮ್ಮೆ ನಾನು ನೋಡಿದ ಗಾಡಿಯೊಂದು ಒಳಗೂ ಹೊರಗೂ ಥಳಥಳಿಸುತ್ತಿತ್ತು, ಸುಗಂಧದ ಪರಿಮಳವೂ ತುಸು ಹೆಚ್ಚಾಗಿಯೇ ಇತ್ತು. ಹಿಂದಿನ ಸೀಟಿನ ಬೆಲ್ಟ್ ಎಳೆಯುತ್ತಾ ಹೋದಂತೆ, ಎಂದೂ ಹೊರಗೆ ಬರದ ಕೊನೆಯ ಒಂದು ಗೇಣಿನಲ್ಲಿ ಒಣಗಿದ ಕೆಸರಿನ ನೇರವಾದ ಗೆರೆ ಕಂಡಿತು. ಪ್ರವಾಹದ ನೀರು ಸೀಟಿನ ಮಟ್ಟಕ್ಕೆ ನಿಂತಿದ್ದ ಗಾಡಿ ಅದು, ಮಾರುವವರು ಆ ಮಾತನ್ನೇ ಎತ್ತಿರಲಿಲ್ಲ. ನೀರು ಹೊಕ್ಕ ಗಾಡಿಯ ವೈರುಗಳ ಜೋಡಣೆಗಳು ತಿಂಗಳುಗಳ ನಂತರ ಒಂದೊಂದಾಗಿ ಕಿಲುಬು ಹಿಡಿಯುವುದರಿಂದ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಅದನ್ನು ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಲಡಿಯ ಕಾರ್ಪೆಟ್ ಮಾತ್ರ ಒದ್ದೆಯಿದ್ದರೆ ಚಾವಣಿಯ ಗಾಜಿನ ನೀರಿಳಿಯುವ ಕೊಳವೆ ಕಟ್ಟಿಕೊಂಡಿರಲೂಬಹುದು, ಅದು ಸರಿಪಡಿಸಬಹುದಾದ ದೋಷ.

ಓಡಿಸಿ ನೋಡುವುದು

ಅರ್ಧ ಗಂಟೆಗೆ ಕಡಿಮೆಯಾಗದಂತೆ, ಪೇಟೆಯ ದಟ್ಟಣೆಯಲ್ಲೂ ವೇಗದ ರಸ್ತೆಯಲ್ಲೂ ಹಳ್ಳಕೊಳ್ಳದ ಹಾದಿಯಲ್ಲೂ ರೇಡಿಯೊ ಆರಿಸಿ ಓಡಿಸಿ. ಖಾಲಿ ಮೈದಾನದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ವೃತ್ತ ಹಾಕಿದಾಗ ಟಕಟಕ ಸದ್ದು ಬಂದರೆ ಚಕ್ರ ತಿರುಗಿಸುವ ದಂಡದ ಕೀಲು ಸವೆದಿದೆ. ಆಟೊಮ್ಯಾಟಿಕ್ ಗೇರ್ ನಿಂತಲ್ಲಿಂದ ಹೊರಡುವಾಗ ನಡುಗುವುದಾಗಲಿ, ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿರುವುದಾಗಲಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಈ ವರ್ಗದ ಗಾಡಿಯಲ್ಲಿ ಗೇರ್‌ಬಾಕ್ಸ್ ಅತ್ಯಂತ ದುಬಾರಿ ಭಾಗಗಳಲ್ಲಿ ಒಂದು.

ಇಷ್ಟೆಲ್ಲ ಒಪ್ಪಿಗೆಯಾದ ಮೇಲೆ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಂದ ಗಾಡಿಯನ್ನು ಲಿಫ್ಟಿಗೆ ಏರಿಸಿ ನೋಡಿಸಿ, ಸ್ಕ್ಯಾನರ್ ಹಾಕಿಸಿ. ಸ್ಕ್ಯಾನರ್ ತೆರೆಯಲ್ಲಿ ದೋಷದ ಕೋಡ್ ಇಲ್ಲ ಎಂದೊಡನೆ ಸಮಾಧಾನಪಡುವುದು ಬೇಡ, ಗಾಡಿಯ ಕಂಪ್ಯೂಟರ್ ತಾನೇ ನಡೆಸುವ ಸ್ವಯಂಪರೀಕ್ಷೆಗಳು ಪೂರ್ಣಗೊಂಡಿವೆಯೇ ಎಂದೂ ಕೇಳಿ. ಬಹುಪಾಲು ಅಪೂರ್ಣ ಎಂದು ತೋರಿಸಿದರೆ ಈಚೆಗಷ್ಟೇ ಕೋಡ್‌ಗಳನ್ನು ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಕಳಚಿರಬಹುದು. ಅಂಥಲ್ಲಿ ಕೆಲವು ದಿನ ಓಡಿಸಿದ ನಂತರ ಮತ್ತೊಮ್ಮೆ ಪರೀಕ್ಷಿಸಲು ಒಪ್ಪಿಗೆ ಕೇಳಬೇಕು. ತಪಾಸಣೆಗೇ ಒಪ್ಪದವರ ಗಾಡಿಯನ್ನು ಬಿಟ್ಟುಬಿಡಿ.

ಬೆಲೆಯ ಮಾತಿಗೆ ಕೂರುವಾಗ ಮೆಕ್ಯಾನಿಕ್ ಬರೆದುಕೊಟ್ಟ ರಿಪೇರಿಯ ಅಂದಾಜು ಕೈಯಲ್ಲಿರಲಿ, ಚೌಕಾಸಿ ಅದರ ಆಧಾರದ ಮೇಲೆಯೇ ನಡೆಯಲಿ. ಹಣ ಕೊಡುವ ಮುನ್ನ ಗಾಡಿಯ ಮೇಲೆ ಸಾಲ ಬಾಕಿ ಇಲ್ಲವೆಂಬುದಕ್ಕೆ ಲಿಖಿತ ದಾಖಲೆ ಪಡೆಯಿರಿ, ಕಾಗದಪತ್ರದ ಷಾಸಿ ನಂಬರನ್ನು ಗಾಡಿಯ ಮೇಲಿನ ನಂಬರಿನೊಂದಿಗೆ ಒಂದೊಂದು ಅಕ್ಷರವಾಗಿ ಹೋಲಿಸಿ, ಎರಡೂ ಕೀಲಿಗಳಿಂದ ಗಾಡಿ ಸ್ಟಾರ್ಟ್ ಆಗುತ್ತದೆಯೇ ಎಂದು ಅಲ್ಲೇ ಪರೀಕ್ಷಿಸಿ. ಮನೆಗೆ ತಂದ ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಏರ್ ಫಿಲ್ಟರ್ ಬದಲಾಯಿಸಿ, ಅಂದಿನ ಓಡೋಮೀಟರ್ ಅಂಕಿಯೊಂದಿಗೆ ಬಿಲ್ಲನ್ನು ಗಾಡಿಯ ಕಡತಕ್ಕೆ ಸೇರಿಸಿಡಿ.