ರಿಗ್ಗಿಗೆ ಹೊಸ ಮಾದರಿಯ ಹೆಲಿಕಾಪ್ಟರ್ ಬಂತೇ? ಒಪ್ಪಿಗೆಯ ಕಾಗದ ಹೀಗೆ ನೋಡಿ

ನನ್ನ ತಂಗಿ ಮಗ ಮುಂಬೈ ಆಚೆಯ ಸಮುದ್ರದಲ್ಲಿರುವ ಬಾಂಬೆ ಹೈ ತೈಲ ರಿಗ್ಗಿನಲ್ಲಿ ವೆಲ್ಡರ್. ಮುಂದಿನ ಸಲದಿಂದ ಹೊಸ ಮಾದರಿಯ ಹೆಲಿಕಾಪ್ಟರಿನಲ್ಲಿ ಕರೆದೊಯ್ಯುತ್ತಾರೆಂದು ಗೊತ್ತಾಗಿ ತಂಗಿ ಹೊಳೆನರಸೀಪುರದಿಂದ ಫೋನ್ ಮಾಡಿದ್ದಳು: "ಒಪ್ಪಿಗೆ ಸಿಕ್ಕೈತಂತೆ, ಅಷ್ಟು ಸಾಕಲ್ವೇನಣ್ಣ?" ಸಾಲದು. ಬಸ್ಸಿಗೆ ಎಫ್‌ಸಿ ಇದ್ದ ಮಾತ್ರಕ್ಕೆ ಮಳೆಗಾಲದ ಶಿರಾಡಿ ಘಾಟಿಗೆ ಅದು ಸೈ ಅಂತಲ್ಲ. ಹೆಲಿಕಾಪ್ಟರ್ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುತ್ತಲೇ ನಿವೃತ್ತನಾಗಿ ಈಗ ಹಾಸನದಲ್ಲಿರುವ ನಾನು, ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟೈಪ್ ಸರ್ಟಿಫಿಕೇಟ್, ಅಂದರೆ ಆ ಮಾದರಿಯ ವಿನ್ಯಾಸಕ್ಕೆ ಸಿಗುವ ಒಪ್ಪಿಗೆ. ಯುರೋಪಿನ ಮಾದರಿಗೆ ಅಲ್ಲಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಎಎಸ್‌ಎ, ಅಮೆರಿಕದ್ದಕ್ಕೆ ಅಲ್ಲಿನ ಎಫ್‌ಎಎ ಇದನ್ನು ಕೊಡುತ್ತದೆ. ನಮ್ಮಲ್ಲಿ ಹಾರಬೇಕಾದರೆ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯೂ ಒಪ್ಪಬೇಕು. ಇದರ ಡೇಟಾ ಶೀಟ್ ಆ ಸಂಸ್ಥೆಗಳ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ತೂಕ, ಅಳತೆಗಳನ್ನು ಬಿಟ್ಟು ನೇರವಾಗಿ 'ಸರ್ಟಿಫಿಕೇಶನ್ ಬೇಸಿಸ್' (ಯಾವ ನಿಯಮದ ಮೇಲೆ ಒಪ್ಪಿಗೆ) ಭಾಗಕ್ಕೆ ಹೋಗಿ. ಸಿಎಸ್-29 ಅಥವಾ ಪಾರ್ಟ್ 29 ಅಂತಿದ್ದರೆ ಅದು ದೊಡ್ಡ ಹೆಲಿಕಾಪ್ಟರುಗಳ ನಿಯಮ. ಕೆಟಗರಿ ಎ ಅಂತಲೂ ಇರಬೇಕು: ಹಾರಾಟದ ನಡುವೆ ಒಂದು ಇಂಜಿನ್ ಕೈಕೊಟ್ಟರೂ ಇನ್ನೊಂದರಲ್ಲಿ ಮುಂದುವರಿಯುವ ಶಕ್ತಿ. ನಿಯಮದ ಯಾವ ತಿದ್ದುಪಡಿ ಅನ್ವಯ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಹೆಸರು ಹೊಸದಾದರೂ ಹಳೇ ನಿಯಮದ ಮೇಲೇ ನಿಂತ ಮಾದರಿಗಳುಂಟು.

ಡೇಟಾ ಶೀಟಿನಲ್ಲಿ ಕಾಣದೆ ಹೋಗಬಹುದಾದ ಸಂಗತಿ ಗೇರ್‌ಬಾಕ್ಸಿನದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಇಂಜಿನ್ನಿನ ಶಕ್ತಿಯನ್ನು ಮೇಲಿನ ರೆಕ್ಕೆಗೆ ಮುಟ್ಟಿಸುವುದು ಅದೇ. ಎಣ್ಣೆ ಹೋದರೂ ಅದು 30 ನಿಮಿಷ ಓಡಬಲ್ಲದೆಂದು ಪರೀಕ್ಷೆಯಲ್ಲಿ ತೋರಿಸಬೇಕೆಂಬುದು ನಿಯಮ. ಆದರೆ 'ಹಾಗಾಗುವ ಸಂಭವ ತೀರಾ ವಿರಳ' ಎಂದು ತಯಾರಕರು ಮನವರಿಕೆ ಮಾಡಿಕೊಟ್ಟರೆ ವಿನಾಯಿತಿ ಇತ್ತು. ಅಮೆರಿಕದ ಸಿಕೋರ್‌ಸ್ಕಿ ಕಂಪನಿಯ ಎಸ್-92 ಹೆಲಿಕಾಪ್ಟರ್ ಆ ದಾರಿಯಲ್ಲೇ 2002ರಲ್ಲಿ ಪಾಸಾಯಿತು. 2009ರ ಮಾರ್ಚ್ 12ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಸಮುದ್ರದ ಮೇಲೆ ಅದೇ ಮಾದರಿಯೊಂದರಲ್ಲಿ, ಗೇರ್‌ಬಾಕ್ಸಿನ ಎಣ್ಣೆ ಫಿಲ್ಟರಿನ ಬಟ್ಟಲು ಹಿಡಿದಿದ್ದ ಮೂರು ಟೈಟಾನಿಯಂ ಸ್ಟಡ್‌ಗಳಲ್ಲಿ (ಬೋಲ್ಟಿನಂಥ ಕಡ್ಡಿ) ಎರಡು ಮುರಿದವು. ಫಿಲ್ಟರ್ ಬದಲಿಸುವಾಗೆಲ್ಲ ನಟ್ಟು ಬಿಚ್ಚಿ ಹಾಕಿ ಥ್ರೆಡ್ ಕಚ್ಚಿ ಸವೆದಿದ್ದೇ ಮೂಲ. ಎಣ್ಣೆ ಸೋರಿಹೋಗಿ ಸುಮಾರು 11 ನಿಮಿಷಕ್ಕೆ ಹೆಲಿಕಾಪ್ಟರ್ ನೀರಿಗೆ ಅಪ್ಪಳಿಸಿತು. 18 ಜನರಲ್ಲಿ ಬದುಕಿದ್ದು ಒಬ್ಬ. ಉಕ್ಕಿನ ಸ್ಟಡ್ ಕಡ್ಡಾಯವಾಗಿದ್ದು ಅದಾದ ಮೇಲೆ. ಕಾಗದದ 'ತೀರಾ ವಿರಳ'ಕ್ಕೆ ಸ್ಪ್ಯಾನರ್ ಹಿಡಿಯುವ ಕೈಯ ಲೆಕ್ಕ ಗೊತ್ತಿರುವುದಿಲ್ಲ ಬಿಡಿ. ಹಾಗಾಗಿ ಹೆಲಿಕಾಪ್ಟರ್ ಕಂಪನಿಯವರನ್ನೇ ಕೇಳಿ: ಫ್ಲೈಟ್ ಮ್ಯಾನ್ಯುಯಲ್‌ನ ತುರ್ತು ಅಧ್ಯಾಯದಲ್ಲಿ ಎಣ್ಣೆ ಒತ್ತಡ ಹೋದರೆ 'ತಕ್ಷಣ ಇಳಿಸಿ' ಎಂದಿದೆಯೋ, ಇಂತಿಷ್ಟು ನಿಮಿಷ ಎಂದಿದೆಯೋ?

ಒಮ್ಮೆ ಸಿಕ್ಕ ಒಪ್ಪಿಗೆ ಶಾಶ್ವತವೇನಲ್ಲ. 2016ರ ಏಪ್ರಿಲ್ 29ರಂದು ನಾರ್ವೆಯಲ್ಲಿ ಏರ್‌ಬಸ್ಸಿನ ಎಚ್225 ಹೆಲಿಕಾಪ್ಟರಿನ ರೋಟರ್ (ಮೇಲೆ ತಿರುಗುವ ರೆಕ್ಕೆ) ಕಳಚಿ 13 ಜನ ಸತ್ತಾಗ, ಎಲ್ಲ ಸರ್ಟಿಫಿಕೇಟ್ ಇದ್ದ ಮಾದರಿಯನ್ನೇ ನೆಲಕ್ಕೆ ಕೂರಿಸಿದರು. ಆದ್ದರಿಂದ ಆ ಮಾದರಿಯ ಮೇಲೆ ಹೊರಟಿರುವ ಏರ್‌ವರ್ದಿನೆಸ್ ಡೈರೆಕ್ಟಿವ್‌ಗಳನ್ನೂ, ಅಂದರೆ ದೋಷ ಸರಿಪಡಿಸಲು ಹೊರಡಿಸುವ ಕಡ್ಡಾಯ ಆದೇಶಗಳನ್ನೂ ಹುಡುಕಿ ನೋಡಿ.

ಕೊನೆಗೆ ನೀರಿನ ವಿಷಯ. ಡೇಟಾ ಶೀಟಿನಲ್ಲಿ 'ಡಿಚಿಂಗ್' (ತುರ್ತಾಗಿ ನೀರಿನ ಮೇಲೆ ಇಳಿಸುವುದು) ಎಂಬ ಪದ ಹುಡುಕಿ. ಸಾಮಾನ್ಯವಾಗಿ ಫ್ಲೋಟ್ ಕಿಟ್ (ಉಬ್ಬಿ ತೇಲಿಸುವ ಚೀಲಗಳು) ಅಳವಡಿಸಿದ್ದರೆ ಮಾತ್ರ ಆ ಒಪ್ಪಿಗೆ, ಆದ್ದರಿಂದ ನಿಮ್ಮನ್ನು ಕರೆದೊಯ್ಯುವ ಹೆಲಿಕಾಪ್ಟರಿನಲ್ಲಿ ಅದು ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಫ್ಲೋಟ್ ಇದ್ದರೂ ದೊಡ್ಡ ಅಲೆಗೆ ಮಗುಚಬಹುದು. ಅದಕ್ಕೇ ಬ್ರಿಟನ್ನಿನ ವಿಮಾನಯಾನ ನಿಯಂತ್ರಕ ಸಿಎಎ 2014ರಲ್ಲಿ ಪ್ರಯಾಣಿಕರು ತಳ್ಳಿ ತೆಗೆಯುವ ಕಿಟಕಿಯ ಪಕ್ಕವೇ ಕೂರಬೇಕು, ಇಲ್ಲವೇ ತುರ್ತು ಉಸಿರಾಟದ ಸಾಧನ ಧರಿಸಿರಬೇಕು ಎಂದಿತು. ಹತ್ತುವ ಮುಂಚಿನ ಬ್ರೀಫಿಂಗಿನಲ್ಲಿ ಸಂಕೋಚ ಬಿಟ್ಟು ಕೇಳಿ: ನನ್ನ ಕಿಟಕಿಯನ್ನು ಎಲ್ಲಿ ಒತ್ತಿದರೆ ಕಳಚುತ್ತದೆ, ಫ್ಲೋಟ್ ನೀರು ತಾಗಿದರೆ ತಾನೇ ಉಬ್ಬುತ್ತದೋ, ಪೈಲಟ್ ಒತ್ತಬೇಕೋ?